ನಡುವೆ ನಿಂತ ಮುಳ್ಳು

ಏರುದಾರಿಯ ತುದಿಗೆ ಬಂದಾಗ ಮುಂದೆ ಗುಡ್ಡ ಕುಸಿದಿತ್ತು. ಮಣ್ಣು ತೆಗೆಯುವ ಯಂತ್ರ ಬೆಳಗ್ಗೆಯೇ ಬರುವುದೆಂದು ಗೊತ್ತಾಯಿತು. ಕತ್ತಲು ಇಳಿಯುತ್ತಿತ್ತು, ಮಳೆಯಂತೂ ಹಿಡಿದ ಹಟ ಬಿಡುವಂತಿರಲಿಲ್ಲ. ಕಾರುಗಳನ್ನು ಅಂಗಳದಲ್ಲಿ ನಿಲ್ಲಿಸಿ, ನಾವೆಲ್ಲ ರಸ್ತೆ ಪಕ್ಕದ ಹಳೆಯ ವಸತಿಗೃಹದೊಳಕ್ಕೆ ಓಡಿದೆವು. ನಾನು, ನನ್ನ ಭಾವ, ಹೊಸದಾಗಿ ಮದುವೆಯಾದ ಒಂದು ಜೋಡಿ ಮತ್ತು ಒಬ್ಬ ಟ್ಯಾಕ್ಸಿ ಡ್ರೈವರ್. ಇಷ್ಟೇ ಜನ.

ವಸತಿಗೃಹವೆಂದರೆ ಒಂದು ಉದ್ದನೆಯ ಹಾಲ್, ಹಿಂದೆ ಕೆಲವು ಕೋಣೆಗಳು. ಹಾಲ್‌ನ ನೆಲದಲ್ಲಿ ಎಷ್ಟು ತೊಳೆದರೂ ಹೋಗದ ಎಣ್ಣೆಯ ಕಲೆಗಳಿದ್ದವು. ಮೇಲಿನ ತೊಲೆಯಿಂದ ಎಂಜಿನ್ ಎತ್ತಲು ಬಳಸುವಂಥ ದಪ್ಪ ಸರಪಳಿಯೊಂದು ಇನ್ನೂ ಜೋತುಬಿದ್ದಿತ್ತು. ಮನೆಯೊಡತಿ ಎಂಬತ್ತು ದಾಟಿದ ಅಜ್ಜಿ. ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತವರು ಅಲ್ಲಿಂದಲೇ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದರು. ಟವೆಲ್ ಅಲ್ಲಿದೆ, ಚಪ್ಪಲಿ ಹೊರಗೆ ಬಿಡಿ, ಕಾಫಿ ನೀವೇ ಬಗ್ಗಿಸಿಕೊಳ್ಳಿ.

ಮಾತು ಏರುದಾರಿಯ ಕಡೆಗೆ ತಿರುಗಿತು. ಹೊಸ ಮದುಮಗ ಹೆಂಡತಿಯನ್ನು ಛೇಡಿಸುತ್ತಿದ್ದ. ದಾರಿಯುದ್ದಕ್ಕೂ ಅವಳು ಹೊರಗಿನ ಒಂದು ಮರವನ್ನೂ ನೋಡಲಿಲ್ಲವಂತೆ, ಎಂಜಿನ್ನಿನ ಶಾಖ ತೋರಿಸುವ ಮುಳ್ಳನ್ನೇ ಕಾಯುತ್ತಾ ಬಂದಳಂತೆ. ನಮಗೂ ನಗು ಬಂತು. ಅಜ್ಜಿ ಮಾತ್ರ ನಗಲಿಲ್ಲ.

"ನೋಡ್ಲಿ ಬಿಡಪ್ಪ" ಎಂದರು. "ಮುಳ್ಳು ನೋಡೋರನ್ನ ಕಂಡು ನಗಬಾರದು. ಈ ಹಾಲ್‌ನಲ್ಲಂತೂ ನಗಲೇಬಾರದು."

ಮದುಮಗನ ಮುಖ ಸಪ್ಪಗಾಯಿತು. ಯಾಕಜ್ಜಿ ಎಂದು ಕೇಳಿದವನು ನನ್ನ ಭಾವ. ಅಜ್ಜಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. ನಾವು ಕುರ್ಚಿಗಳನ್ನು ಒಲೆಯ ಹತ್ತಿರ ಎಳೆದುಕೊಂಡೆವು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತಿದ್ದೇನೆ.

*

ಈಗ ನೀವು ಕೂತಿದ್ದೀರಲ್ಲ, ಇದು ಆಗ ಗ್ಯಾರೇಜು. ನಮ್ಮಣ್ಣಂದು. ಕೆಳಗಿಂದ ಏರು ಹತ್ತಿ ಬರೋ ಗಾಡಿಗಳು ಇಲ್ಲಿಗೆ ಬರೋ ಹೊತ್ತಿಗೆ ಬುಸುಬುಸು ಅಂತ ಹೊಗೆ ಬಿಡ್ತಾ ಬರ್ತಿದ್ವು, ಅಣ್ಣ ಅವುಕ್ಕೆ ನೀರು ಕುಡಿಸಿ, ಬೆಲ್ಟು ಬಿಗಿ ಮಾಡಿ, ರೇಡಿಯೇಟರ್ ತೊಳೆದು, ಬೈಯ್ಯೋದನ್ನೂ ಬೈದು ಕಳಿಸ್ತಿದ್ದ. ಏನು ಬೈತಿದ್ದ ಗೊತ್ತಾ? "ಮೈ ಕಾದಿದೆ ಅಂತ ಗಾಡಿ ಬಾಯ್ಬಿಟ್ಟು ಹೇಳುತ್ತೇನ್ರೀ? ಮುಳ್ಳು ಇರೋದು ಯಾಕೆ?" ಅಂತ. ಊರಿಗೆಲ್ಲ ಹೇಳ್ತಿದ್ದ ಬುದ್ಧಿ. ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ… ಅದು ಸುಮ್ನೆ ಮಾಡಿದ ಗಾದೆ ಅಲ್ಲ ಕಣ್ರಪ್ಪಾ.

ಅತ್ತಿಗೆ ನರ್ಸು. ಬಾಣಂತಿಯರನ್ನ ನೋಡೋಕೆ ಕೆಳಗಿನ ಊರುಗಳಿಗೆಲ್ಲ ಹೋಗೋಳು. ಅಣ್ಣನೇ ಅವಳಿಗೊಂದು ಹಳೇ ಕಾರು ಹಿಡಿದುಕೊಟ್ಟಿದ್ದ. ಅದಕ್ಕೊಂದು ಕಾಯಿಲೆ. ಸಪಾಟು ರಸ್ತೇಲಿ ಎಷ್ಟು ದೂರ ಬೇಕಾದ್ರೂ ಓಡೋದು, ಏರು ಬಂತು ಅಂದ್ರೆ ಮುಳ್ಳು ಕೆಂಪಿನ ಕಡೆ ಹೊರಡೋದು. ಅವಳು ಎಂಥೋಳು ಅಂದ್ರೆ, ಮುಳ್ಳು ಒಂದು ಕೂದಲೆಳೆ ಅಲ್ಲಾಡಿದ್ರೂ ಗಾಡಿ ಪಕ್ಕಕ್ಕೆ ಹಾಕಿ, ಬಾನೆಟ್ ಎತ್ತಿ, ತಣ್ಣಗಾಗೋವರೆಗೂ ಕಾದು, ಆಮೇಲೆ ಬರೋಳು. ರೋಗಿ ಹಣೆ ಮುಟ್ಟಿ ಮುಟ್ಟಿ ಅಭ್ಯಾಸ ಆದ ಕೈ ನೋಡಿ… ಕಾರಿನ ಹಣೆನೂ ಮುಟ್ಟಿ ನೋಡೋಳು.

ದಿನಾ ಬಂದವಳೇ ಅದನ್ನೇ ಹೇಳೋಳು. ರೀ, ಇವತ್ತೂ ಮುಳ್ಳು ಏರಿತು. ರೀ, ಮೂರನೇ ತಿರುವಲ್ಲಿ ನಿಲ್ಲಿಸಿದ್ದೆ. ಅಣ್ಣಂಗೆ ಗೊತ್ತಿತ್ತು, ಒಳಗೆ ಥರ್ಮೋಸ್ಟಾಟ್ ಅಂತ ಒಂದು ಪುಟ್ಟ ಬಾಗಿಲಿರುತ್ತೆ, ಎಂಜಿನ್ ಕಾದಾಗ ಅದು ತೆರೆದು ಬಿಸಿ ನೀರನ್ನ ರೇಡಿಯೇಟರಿಗೆ ಬಿಡಬೇಕು, ಅದು ಹಿಡ್ಕೊಂಡುಬಿಟ್ಟಿತ್ತು. ಬಾಗಿಲು ಹಾಕಿದ ಅಡುಗೆಮನೇಲಿ ಒಲೆ ಉರಿದ್ರೆ ಹೇಗಿರುತ್ತೆ? ಹಾಗೆ. ಬದಲಾಯಿಸೋಕೆ ಒಂದು ಮಧ್ಯಾಹ್ನದ ಕೆಲಸ. ಆದ್ರೆ ಪರರ ಗಾಡಿ ಮುಂದೆ, ಮನೆ ಗಾಡಿ ಹಿಂದೆ. ನಾಳೆ ಮಾಡ್ತೀನಿ, ನಾಡಿದ್ದು ಮಾಡ್ತೀನಿ. ಒಂದಿನ ಅವಳು ಮತ್ತೆ ಕೇಳಿದಾಗ ಅವನಿಗೆ ರೇಗಿಹೋಯ್ತು. "ನಿಂಗಿರೋದು ಗಾಡಿ ಕಾಯಿಲೆ ಅಲ್ಲ, ಮುಳ್ಳಿನ ಕಾಯಿಲೆ" ಅಂದ.

ಆಮೇಲೆ ಏನು ಮಾಡಿದ ಅಂತೀರಾ? ಎಂಜಿನ್ನಿಂದ ಮುಳ್ಳಿಗೆ ಬರೋ ತಂತಿ ಕತ್ತರಿಸಿ, ಅಲ್ಲಿ ಕರೆಂಟನ್ನ ಯಾವಾಗ್ಲೂ ಒಂದೇ ಅಳತೇಲಿ ತಡೆಯೋ, ಅಕ್ಕಿಕಾಳಿನಷ್ಟು ದೊಡ್ಡದೊಂದು ರೆಸಿಸ್ಟರ್ ಕೂರಿಸಿಬಿಟ್ಟ. ಕೀಲಿ ತಿರುಗಿಸಿದ ತಕ್ಷಣ ಮುಳ್ಳು ಸರಿಯಾಗಿ ನಡುವಿಗೆ ಬಂದು ನಿಲ್ಲೋದು. ಬೆಂಕಿ ಬಿದ್ರೂ ಅಲ್ಲೇ, ಹಿಮ ಬಿದ್ರೂ ಅಲ್ಲೇ. ಸರಿ ಮಾಡಿದೀನಿ ಕಣೇ, ಇನ್ನು ನೆಮ್ಮದಿಯಾಗಿ ಓಡಿಸು ಅಂದ. ಅವಳು ದಡ್ಡಿ ಅಲ್ಲ, ಎಂಜಿನ್ ತಣ್ಣಗಿರುವಾಗಲೇ ಹೇಗ್ರೀ ನಡುವಿಗೆ ಬಂತು ಅಂತ ಕೇಳಿದ್ಲಂತೆ. ಹೊಸ ಸಾಮಾನು, ಬೇಗ ಕಾಯುತ್ತೆ ಅಂದನಂತೆ. ಗಂಡ ಮೆಕ್ಯಾನಿಕ್ಕು… ನಂಬದೆ ಇನ್ನೇನು ಮಾಡ್ತಾಳೆ? ಮಗುಗೆ ಜ್ವರ ಬಂತು ಅಂತ ಥರ್ಮಾಮೀಟರ್ ಒಡೆದುಹಾಕಿದ ಹಾಗಾಯ್ತು ಅದು. ಕೆಟ್ಟ ಮನಸ್ಸಿಂದ ಮಾಡಿದ್ದಲ್ಲ. ವಾರದೊಳಗೆ ಸರಿಯಾದ ಸಾಮಾನು ಹಾಕೋಣ, ಅಲ್ಲಿವರೆಗೂ ಅವಳ ಬಾಯಿ ಸುಮ್ನಿರ್ಲಿ ಅಂತಷ್ಟೇ. ಇದೆಲ್ಲ ಅವನು ನನಗೆ ಹೇಳಿದ್ದು ಆಮೇಲೆ.

ಆ ವಾರ ಕಳೀಲಿಲ್ಲ. ಒಂದು ಸಂಜೆ, ಇಂಥದ್ದೇ ಮಳೆ, ಹೆರಿಗೆ ಮಾಡಿಸಿ ವಾಪಸ್ ಬರ್ತಿದ್ಲು. ಮೂರನೇ ತಿರುವಲ್ಲಿ ಎಂಜಿನ್ ಕಾದು ಹಿಡ್ಕೊಂಡು ಸತ್ತುಹೋಯ್ತು. ಎಂಜಿನ್ ಸತ್ತಮೇಲೆ ಬ್ರೇಕ್ ಕಲ್ಲಾಗುತ್ತೆ, ಎಷ್ಟು ತುಳಿದ್ರೂ ಹಿಡಿಯಲ್ಲ, ನಿಮಗೆ ಗೊತ್ತಿರಬೇಕು ಡ್ರೈವರಪ್ಪ. ಗಾಡಿ ಹಿಂದಕ್ಕೆ ಉರುಳ್ತು… ಹಿಂದೆ ಕಣಿವೆ. ಹಗ್ಗ ಹಾಕಿ ಕಾರನ್ನ ಮೇಲಕ್ಕೆ ಎಳೆದಾಗ, ಅಣ್ಣ ಜನರನ್ನ ತಳ್ಳಿಕೊಂಡು ಹೋಗಿ ಮೊದಲು ಆ ಮುಳ್ಳನ್ನೇ ಯಾಕೆ ನೋಡಿದ ಅಂತ ನನಗೆ ಆಗ ಅರ್ಥ ಆಗ್ಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

ಕೆಲವು ತಿಂಗಳಾದ ಮೇಲೆ ಒಬ್ಬ ಲಾರಿಯವನು ಬಂದ. ಇದೇ ಬಾಗಿಲಲ್ಲಿ ನಿಂತು, ಅಣ್ಣನ ಎದುರಿಗೇ ಹೇಳ್ತಾನೆ, ಮೂರನೇ ತಿರುವಲ್ಲಿ ಬೂದು ರೈನ್‌ಕೋಟ್ ಹಾಕಿದ ಒಬ್ಬರು ಅಕ್ಕ ಕೈ ಅಡ್ಡ ಹಿಡಿದ್ರು, ಎಂಜಿನ್ ತಣ್ಣಗಾಗ್ಲಿ ಆಮೇಲೆ ಹೋಗಿ ಅಂದ್ರು, ನೋಡಿದ್ರೆ ಮುಳ್ಳು ಕೆಂಪಲ್ಲಿತ್ತು, ನಾನು ಗಮನಿಸೇ ಇರ್ಲಿಲ್ಲ, ಥ್ಯಾಂಕ್ಸ್ ಹೇಳೋಣ ಅಂತ ತಿರುಗಿದ್ರೆ ಅಲ್ಲಿ ಯಾರೂ ಇಲ್ಲ ಅಂತ. ಅಣ್ಣನ ಕೈಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. ಬೂದು ರೈನ್‌ಕೋಟ್ ಹಾಕ್ಕೊಂಡೇ ಅತ್ತಿಗೆ ಹೋಗಿದ್ದು.

ಅದಾದ್ಮೇಲೆ ಹಾಲಿನ ವ್ಯಾನಿನವನು ಹೇಳಿದ, ಶಾಲೆ ಬಸ್ಸಿನವನು ಹೇಳಿದ. ಎಲ್ಲರನ್ನೂ ನಿಲ್ಲಿಸ್ತಾಳೆ, ಎಲ್ಲರನ್ನೂ ಕಾಪಾಡ್ತಾಳೆ. ದೆವ್ವ ಅಂತ ಯಾರೂ ಹೆದರ್ಲಿಲ್ಲ ಕಣ್ರಪ್ಪಾ, ಹೆದರೋಕೆ ಅವಳೇನು ಕೆಟ್ಟದ್ದು ಮಾಡಿದ್ಲು?

ಅಣ್ಣಂಗೆ ಒಂದೇ ಹುಚ್ಚು ಹಿಡೀತು. ನನ್ನನ್ನೂ ನಿಲ್ಲಿಸ್ಲಿ. ನಿಲ್ಲಿಸಿದ್ರೆ ಕಾಲು ಹಿಡ್ಕೊಂಡು ತಪ್ಪಾಯ್ತು ಅಂತೀನಿ. ಅವಳ ಅದೇ ಕಾರನ್ನ ಇಲ್ಲಿ ತಂದು, ಬಡಿದು ನೆಟ್ಟಗೆ ಮಾಡಿ, ಬೇರೆ ಎಂಜಿನ್ ಕೂರಿಸಿ ಓಡೋ ಹಾಗೆ ಮಾಡಿದ. ಆ ಮುಳ್ಳಿನ ತಂತಿ ಮುಟ್ಟೋಕೆ ಮಾತ್ರ ಅವನ ಕೈ ಏಳಲಿಲ್ಲ. ಬೇಕೂಂತ್ಲೇ ನೀರು ಕಮ್ಮಿ ಹಾಕ್ಕೊಂಡು ಏರು ಹತ್ತೋನು. ಅವಳು ಕಾಣಿಸ್ಕೊಳ್ಳೋಳು, ಕಿಟಕಿ ಹತ್ರ ಬಗ್ಗಿ ಒಳಗೆ ನೋಡೋಳು, ಸುಮ್ನೆ ಹಿಂದಕ್ಕೆ ಸರಿಯೋಳು. ಕೈ ಎತ್ತುತಿರ್ಲಿಲ್ಲ. ಇವನು ಕಾದು ಬೆಂದ ಎಂಜಿನ್ ಜೊತೆ ಮನೆಗೆ ಬಂದು, ಇಲ್ಲೇ ಈ ಒಲೆ ಮುಂದೆ ಕೂತು ಅಳೋನು. ಹಾಗೆ ಅಳ್ತಾ ಒಂದಿನ ತಂತಿ ವಿಷಯ ಪೂರ್ತಿ ಬಾಯ್ಬಿಟ್ಟ. "ನನ್ನ ಮುಖ ನೋಡಿ ತಿರುಗ್ಕೊಂಡು ಹೋಗ್ತಾಳೆ. ಊರಿನೋರೆಲ್ಲ ಬದುಕ್ಲಿ, ನಾನೊಬ್ಬ ಸಾಯ್ಲಿ ಅಂತ" ಅಂದ.

ನನಗೆ ತಡೀಲಿಲ್ಲ. ಮಾರನೇ ಸಂಜೆ ನಾನೂ ಪಕ್ಕದಲ್ಲಿ ಕೂತೆ. ಮೂರನೇ ತಿರುವು… ಬಂದ್ಲು. ಅದೇ ರೈನ್‌ಕೋಟು, ಅದೇ ಮುಖ. ಬಗ್ಗಿದ್ಲು. ಅಣ್ಣ ಅವಳ ಮುಖಾನೇ ನೋಡ್ತಾ ಬಾಯಿ ಬಿಟ್ಟುಕೊಂಡಿದ್ದ, ಅವನಿಗೆ ಗೊತ್ತಾಗ್ಲಿಲ್ಲ. ಪಕ್ಕದಲ್ಲಿದ್ದ ನನಗೆ ಗೊತ್ತಾಯ್ತು. ಅವಳು ಅವನನ್ನ ನೋಡ್ತಾನೇ ಇರ್ಲಿಲ್ಲ ಕಣ್ರಪ್ಪಾ… ಮುಳ್ಳನ್ನ ನೋಡ್ತಿದ್ಲು. ಮುಳ್ಳು ನಡುವೆ ನಿಂತಿತ್ತು. ಅದನ್ನ ನೋಡಿ ಅವಳ ಮುಖದಲ್ಲಿ ಎಂಥ ನೆಮ್ಮದಿ ಬಂತು ಅಂದ್ರೆ, ಮನೆ ಗಾಡಿ ಚೆನ್ನಾಗಿದೆ, ನನ್ನ ಗಂಡ ಸರಿ ಮಾಡಿದಾರೆ, ಇದನ್ನ ನಿಲ್ಲಿಸೋದು ಬೇಡ… ಅನ್ನೋ ಹಾಗೆ. ಕೋಪ ಅಲ್ಲ. ನಂಬಿಕೆ. ಸತ್ತಮೇಲೂ ಅವನನ್ನ ನಂಬ್ಕೊಂಡಿದ್ಲು.

ಮನೆಗೆ ಬಂದು ಹೇಳಿದೆ. ಅಣ್ಣ ಗೋಡೆಗೆ ಒರಗಿ ಕೂತುಬಿಟ್ಟ. ಬೆಳಗ್ಗೆ ಎದ್ದು ನೋಡಿದ್ರೆ ಡ್ಯಾಶ್‌ಬೋರ್ಡ್ ಬಿಚ್ಚಿ ಕೂತಿದ್ದಾನೆ, ಆ ಅಕ್ಕಿಕಾಳು ಕಿತ್ತು ತಂತಿ ಸೇರಿಸ್ತಿದ್ದಾನೆ. ನಾನು ಬೇಡ ಅಂದೆ. ಅವಳು ನೆಮ್ಮದಿಯಾಗಿದ್ದಾಳೆ, ಹಾಗೇ ಇರ್ಲಿ ಬಿಡು ಅಣ್ಣ ಅಂದೆ. ಅವಳಿಗೆ ನೆಮ್ಮದಿ, ನನಗೆ? ಅಂದ. ನೋಡಿ, ತಪ್ಪಾಯ್ತು ಅನ್ನೋ ಆಸೆನೂ ಒಂದು ಸ್ವಾರ್ಥ. ಇದು ನನಗೆ ವಯಸ್ಸಾದ ಮೇಲೆ ಹೊಳೆದಿದ್ದು.

ಆ ಸಂಜೆಯೂ ಜೊತೆಗೆ ಹೋದೆ, ಒಬ್ಬನ್ನೇ ಕಳಿಸೋಕೆ ಮನಸ್ಸಾಗ್ಲಿಲ್ಲ. ಮುಳ್ಳು ನಡು ದಾಟಿ, ಮೆಲ್ಲಗೆ ಕೆಂಪಿಗೆ ಹತ್ತಿತು. ತಿರುವಲ್ಲಿ ಅವಳು ಕೈ ಎತ್ತಿದ್ಲು. ಅಣ್ಣ ನಿಲ್ಲಿಸಿ, ಖುಷಿಯಿಂದ ಕಿಟಕಿ ಗಾಜು ಇಳಿಸಿದ. ಅವಳು ಬಗ್ಗಿದ್ಲು, ಮುಳ್ಳು ನೋಡಿದ್ಲು… ತುಂಬ ಹೊತ್ತು ನೋಡಿದ್ಲು… ಡ್ಯಾಶ್‌ಬೋರ್ಡ್ ನೋಡಿದ್ಲು, ಸ್ಟೇರಿಂಗ್ ನೋಡಿದ್ಲು, ಇದು ತನ್ನ ಕಾರು ಅಂತ ಗುರುತು ಸಿಕ್ಕಿರಬೇಕು. ಆಮೇಲೆ ಮೊದಲನೇ ಸಲ ಕಣ್ಣೆತ್ತಿ ಅವನನ್ನ ನೋಡಿದ್ಲು.

"ಸರಿ ಮಾಡಿದೀನಿ ಅಂದಿದ್ರಲ್ಲ ರೀ" ಅಂದ್ಲು.

ಅಷ್ಟೇ. ಬೈಯ್ಯೋ ದನಿ ಅಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಅಣ್ಣ ತಿಂಗಳುಗಟ್ಟಲೆ ಮನಸ್ಸಲ್ಲೇ ಹೇಳ್ಕೊಂಡಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಅವಳು ಹಿಂದಕ್ಕೆ ಸರಿದು ಮಂಜಿನೊಳಗೆ ಹೋದ್ಲು. ಅಲ್ಲಿವರೆಗೂ ಅವಳಿಗೆ ತಾನು ಯಾಕೆ ಸತ್ತೆ ಅಂತ ಗೊತ್ತಿರ್ಲಿಲ್ಲ. ನಾವು ಹೋಗಿ ತಿಳಿಸಿ ಬಂದ್ವಿ.

*

ಅಜ್ಜಿ ಕೋಲಿನಿಂದ ಬೆಂಕಿ ಕೆದಕಿದರು. ಒಲೆಯಲ್ಲಿ ಸೌದೆ ಕುಸಿಯಿತು. ಮದುಮಗ ಹೆಂಡತಿಯ ಕೈ ಹಿಡಿದು ಕೂತಿದ್ದ. ಈಗಲೂ ಅವರು ಆ ತಿರುವಿನಲ್ಲಿ ನಿಲ್ಲುತ್ತಾರೆಯೇ ಎಂದು ಡ್ರೈವರ್ ಮೆಲ್ಲಗೆ ಕೇಳಿದ.

"ಇಲ್ಲಪ್ಪ. ಅವತ್ತಿಂದ ಅಲ್ಲಿ ಯಾರನ್ನೂ ನಿಲ್ಲಿಸಿಲ್ಲ. ಮುಳ್ಳು ನೋಡಿ ನಿಲ್ಲಿಸೋಳು, ಈಗ ಯಾವ ಮುಳ್ಳನ್ನೂ ನಂಬಲ್ಲ. ಮನೆಗೇ ಬರ್ತಾಳೆ. ಈ ಅಂಗಳದಲ್ಲಿ ಯಾವ ಗಾಡಿ ನಿಂತ್ರೂ ಒಂದೊಂದಾಗಿ ಬಾನೆಟ್ ಎತ್ತಿ, ಕೈಯಿಟ್ಟು, ತಾನೇ ನೋಡ್ತಾಳೆ. ಅಣ್ಣ ಇರೋವರೆಗೂ ಹಿಂದೆ ಹಿಂದೆ ಹೋಗಿ ಮುಚ್ತಾ ಬರ್ತಿದ್ದ. ಸರಿಯಾಗಿದೆ ಕಣೇ, ನಾನೇ ನೋಡಿದೀನಿ, ನಂಬೇ, ಅಂತ ಮಳೇಲಿ ನೆನೀತಾ ಗೋಗರೆಯೋನು. ಅವನು ಮುಚ್ಚಿದ್ದನ್ನ ಅವಳು ಮತ್ತೆ ಎತ್ತೋಳು. ಅವನು ಸಾಯೋವರೆಗೂ ಅದೇ ಅವರ ಸಂಸಾರ."

ಹೊರಗೆ ಮಳೆಯ ಸದ್ದಿನ ನಡುವೆ 'ಟಕ್' ಎಂದು ಚಿಲಕ ಬಿಟ್ಟಂಥ ಸಪ್ಪಳವಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಡ್ರೈವರ್ ಏಳಹೋದ. ತಾನು ಕಾರಿಗೆ ಬೀಗ ಹಾಕಿಯೇ ಬಂದದ್ದು ಎಂದು ಅವನು ಗೊಣಗಿದ್ದು ನನಗೆ ಕೇಳಿಸಿತು.

"ಕೂತ್ಕೊಳ್ಳಪ್ಪ" ಎಂದರು ಅಜ್ಜಿ. "ಮುಚ್ಚೋಕೆ ನಾನೂ ಹೋಗ್ತಿದ್ದೆ, ಈಗ ಮೊಣಕಾಲು ಏಳಲ್ಲ. ಬೆಳಗ್ಗೆ ಹೊರಡುವಾಗ ನೀವೇ ಮುಚ್ಕೊಳ್ಳಿ. ಆದ್ರೆ ಇಷ್ಟು ಕೇಳಿ… ಈಗ ಹೊರಗೆ ಹೋಗಿ, ನಮ್ಮ ಗಾಡಿ ಸರಿಯಾಗಿದೆ ಅಂತ ಮಾತ್ರ ಅವಳಿಗೆ ಹೇಳ್ಬೇಡಿ. ಆ ಮಾತು ಕೇಳಿದ್ರೆ, ಅವತ್ತು ಅಣ್ಣನ್ನ ನೋಡಿದ ಹಾಗೇ, ಅವಳು ತಿರುಗಿ ಮುಖ ನೋಡ್ತಾಳೆ."