ಹಿಂಬದಿಯ ಚಿತ್ರ

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಗಂಡ ಹೆಂಡತಿ ಒಂದೇ ಮೊಬೈಲಿಗೆ ಬಗ್ಗಿದ್ದರು. ಮರೆವಿನ ಕಾಯಿಲೆಯ ಗಂಡನ ತಾಯಿಗಾಗಿ, ಬೋರಲು ಹಾಕಿದ ಕಾರ್ಡು ಮಗುಚಿ ಜೋಡಿ ಹುಡುಕುವ ಆಟದ ಕಾರ್ಡು ಮಾಡಿಸಿದ್ದರು. ಕಾರ್ಡುಗಳ ತುಂಬ ಮನೆಯವರ ಮುಖಗಳು.

"ಆಶಾನ ಫೋಟೋ ಎಲ್ರಿ? ಕತ್ತರಿಸಿ, ಹೆಸರು ಕೊಟ್ಟು ನಾನೇ ಫೋಲ್ಡರಿಗೆ ಹಾಕಿದ್ದೆ."

"ತೆಗ್ದೆ."

"ಯಾರನ್ನ ಕೇಳಿ?"

"ನನ್ನ ತಂಗಿ, ಯಾರನ್ನ ಕೇಳ್ಬೇಕು? ಹೇಳ್ದೆ ಕೇಳ್ದೆ ಮದ್ವಿ ಆಗಿ ಹೋದೋಳು. ಮನೆಯವರ ಆಟದಾಗೆ ಆಕಿ ಬ್ಯಾಡ."

"ಅತ್ತೆ ನಿಮ್ಮ ಹೆಸರು ಮರ್ತಾರೆ, ನನ್ನ ಹೆಸರೂ ಮರ್ತಾರೆ. ದಿನಾ ಬಾಗ್ಲಾಗೆ ಕುಂತು ಕೇಳೋದು ಆಶಾನ್ನ."

"ಅದಕ್ಕೇ ಬ್ಯಾಡ ಅಂದಿದ್ದು. ಮರೀಲಿ ಬಿಡು."

ಕಂಡಕ್ಟರ್ ಬಂದ. ಅವನು ದಾಟಿದ ಮೇಲೆ ಗಂಡ ದನಿ ತಗ್ಗಿಸಿದ.

"ನಾನು ತೆಗ್ದ ಮ್ಯಾಲೇ ತಾನೇ ನೀನು ಹರಿಹರದ ಪ್ರೆಸ್ಸಿಗೆ ಕಳ್ಸಿದ್ದು?"

"ಹೂಂನ್ರಿ. ನೀವು ಉಳಿಸಿದ ಮುಖ ಒಂದನ್ನೂ ಮುಟ್ಟಿಲ್ಲ."

"ಗೊತ್ತಿದ್ದೂ ಮತ್ತ್ಯಾಕ ಕೇಳ್ದೆ?"

"ನಿಮ್ಮ ಬಾಯಾಗೆ ಕೇಳ್ಬೇಕಿತ್ತು."

ಅವನು ಮೊಬೈಲಿನ ಮುಖಗಳನ್ನು ಮತ್ತೊಮ್ಮೆ ಸರಿಸಿ ನೋಡಿದ.

"ಕಾರ್ಡಿನ ಹಿಂಬದಿಗೆ ನಾನು ಹೇಳಿದ್ದ ಹೂವಿನ ಚಿತ್ರಾನೇ ಕಳ್ಸಿದೀ ಅಲ್ಲ?"

"ಇಲ್ರಿ. ಎಲ್ಲಾ ಕಾರ್ಡಿನ ಹಿಂಬದೀನೂ ಒಂದೇ ಥರ ಇರ್ಬೇಕು, ಇಲ್ಲಾಂದ್ರೆ ಯಾವ ಕಾರ್ಡು ಅಂತ ಹಿಂದಿಂದ್ಲೇ ಗೊತ್ತಾಗಿ ಬಿಡ್ತೈತೆ ಅಂದ್ರು ಪ್ರೆಸ್ಸಿನವ್ರು. ಅದಕ್ಕೆ ಒಂದೇ ಫೋಟೋ ಕೊಟ್ಟೆ."

"ಯಾವ್ದು?"

ಹರಿಹರ ಬಂತು. ಅವಳು ಎದ್ದು ಸೆರಗು ಸರಿಮಾಡಿಕೊಂಡಳು.

"ಆಶಾಂದು. ಇನ್ನ ನೀವು ಯಾರ ಮುಖ ನೋಡ್ಬೇಕಂದ್ರೂ ಮೊದ್ಲು ಆಕಿನ್ನ ಮಗುಚಬೇಕು. ಇಳೀರಿ, ಕಾರ್ಡು ತಗೊಂಡು ಹೋಗಾಣ."