ದೊಡ್ಡ ಹೋಟೆಲಿನ ಊಟಕ್ಕೆ ಹೊರಟವರು

ನಂಜುಂಡೇಶ್ವರನ ದರ್ಶನ ಮುಗಿಸಿ ಸ್ಟೇಷನ್ನಿನಲ್ಲಿ ಮೈಸೂರಿನ ರೈಲಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಗೆಳೆಯರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ ಇದ್ದವನು ಗುರುಮಲ್ಲಪ್ಪ. ಹೊಸ ಕೋಟಿನವನು ಸಣ್ಣಯ್ಯ. ಜೊತೆಯಲ್ಲಿ ಓದಿ ಅಮಲ್ದಾರನಾದ ಸ್ನೇಹಿತ ಇಬ್ಬರನ್ನೂ ದೊರೆಗಳು ಉಣ್ಣುವ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದಿದ್ದನಂತೆ.

ಸಣ್ಣಯ್ಯ ಬೇಡಿಕೊಳ್ಳುತ್ತಿದ್ದ: "ಉಂಡಾದ ಮೇಲೆ ತಟ್ಟೆ ತೊಳೆದು ಆ ನೀರು ಕುಡೀಬ್ಯಾಡ ಮಾರಾಯ. ಇವತ್ತೊಂದಿನ."

"ಲಿಂಗಕ್ಕೆ ತೋರಿಸಿ ಉಂಡದ್ದು ಪ್ರಸಾದ ಕಣ್ಲಾ. ಒಂದು ಅಗುಳೂ ಬಿಡಂಗಿಲ್ಲ."

"ಬಿಳಿ ದೊರೆಗಳು ನಗ್ತಾರೆ. ಕರೆದೋನ ಮಾನ ಓಗ್ತದೆ."

"ನಗಲಿ. ನಮ್ಮಪ್ಪ ಕುಡಿದ, ತಾತ ಕುಡಿದ. ನಾನೂ ಕುಡೀತೀನಿ."

"ಅಂಗಾದ್ರೆ ಉಣ್ಣದೆ ಸುಮ್ನೆ ಕೂತ್ಕೋ."

"ಅತ್ತು ವರ್ಸದ ಮೇಲೆ ಮೂವರೂ ಸೇರ್ತಿದ್ದೀವಿ. ನನಗೇಂತ ಬೇರೆ ಅಡುಗೆ ಮಾಡಿಸವ್ನೆ. ಉಣ್ತೀನಿ, ತೊಳೆದೂ ಕುಡೀತೀನಿ."

ರೈಲು ಕೂಗಿತು. ಸಣ್ಣಯ್ಯ ಎದ್ದು ಕೋಟು ಕೊಡವಿಕೊಂಡ.

"ನೀರು ಉಯ್ಕಳೋವಾಗ ನನ್ನ ತಟ್ಟೆಗೂ ಉಯ್ಯಿ."

"ನಿನಗ್ಯಾಕ್ಲಾ? ನೀನೇನು ಲಿಂಗ ಕಟ್ಟಿದ್ದೀಯಾ?"

"ಇಲ್ಲ. ನಗೋರು ಇಬ್ಬರನ್ನೂ ನೋಡಿ ನಗಲಿ. ನಡೀ, ಗಾಡಿ ಬಂತು."

ಇಬ್ಬರೂ ಮೂರನೇ ಕ್ಲಾಸಿನ ಡಬ್ಬಿಯತ್ತ ನಡೆದರು.