ಬೀಳ್ಕೊಡುವ ಮಾತು

ಎದ್ದು ಮುದುಕಿಯ ಪರ ಮಾತಾಡಲೇ, ಸುಮ್ಮನಿರಲೇ ಎಂದು ದೋಣಿ ಕಡವಿನ ಬೆಂಚಿನ ಮೇಲೆ ಕೂತಿದ್ದ ಎಲೀಸೆಯೊ ಹೊಯ್ದಾಡುತ್ತಿದ್ದ. ಟಬಾಸ್ಕೊ ಪ್ರಾಂತ್ಯದಲ್ಲಿ ಇಗರ್ಜಿಗಳಿಗೆ ಬೀಗ ಬಿದ್ದ ಮೇಲೆ, ದೇವರ ಹೆಸರು ಅಡಗಿದೆಯೆಂದು ಬೀಳ್ಕೊಡುವ ‘ಆದಿಯೋಸ್’ ಎಂಬ ಮಾತನ್ನೂ ಸರ್ಕಾರ ನಿಷೇಧಿಸಿತ್ತು. ದೋಣಿಯೇರಿದ ಮಗಳಿಗೆ ಮುದುಕಿ ಕಾಂದಿತಾ ಅದನ್ನೇ ಕೂಗಿದ್ದಳು. ಸರ್ಕಾರದ ಕೆಂಪಂಗಿಯ ಕಾವಲಿನವನು ಅವಳನ್ನು ಅಡ್ಡಗಟ್ಟಿದ.

“‘ಸಲೂದ್’ ಅನ್ನಜ್ಜಿ. ಆರೋಗ್ಯವಾಗಿರು ಅಂತ.”

“ಅದು ಹೆಂಡ ಕುಡಿಯೋವಾಗ ಅನ್ನೋದು ಕಣೋ. ನನ್ನ ಮಗಳೇನು ಹೆಂಡದ ಲೋಟಾನಾ?”

“ಜೈಲಿಗೆ ಹಾಕ್ತಾರೆ.”

“ಮೊನ್ನೆ ನಿಮ್ಮಮ್ಮನ್ನ ಮಣ್ಣು ಮಾಡಿದ್ಯಲ್ಲ, ಆಗ ಏನಂದೆ? ಹೆಣಕ್ಕೂ ಆರೋಗ್ಯವಾಗಿರು ಅಂದ್ಯಾ?”

ಅವನು ಅವಳ ತೋಳು ಹಿಡಿದ.

“ನಡಿ ಠಾಣೆಗೆ.”

“ನಡಿಯೋ. ಅಲ್ಲೂ ಅದನ್ನೇ ಅಂತೀನಿ.”

ಹೋಗುವಾಗ ಅವಳು ಎಲೀಸೆಯೊನತ್ತ ತಿರುಗಿದಳು.

“ಆದಿಯೋಸ್, ಮಗಾ.”

ಎಲೀಸೆಯೊ ಮರಳಿ ಆದಿಯೋಸ್ ಎನ್ನಲಿಲ್ಲ.